ಮನೆ ಅಂಗಳದಲ್ಲೇ ಪರ್ಫಾರ್ಮೆನ್ಸ್ ಕ್ಲಚ್ ಬದಲಿಸುವುದು: ಮಲೆನಾಡಿನ ಕಾರಿನವರಿಗೆ ಮಾರ್ಗದರ್ಶಿ

"ಕಾರಿಗೆ ರೀಮ್ಯಾಪ್ ಮಾಡಿಸಿದ್ದೇನೆ, ಈಗ ಆಗುಂಬೆ ಘಾಟಿ ಹತ್ತುವಾಗ ಕ್ಲಚ್ ಜಾರುತ್ತದೆ. ಹೆವಿ ಕ್ಲಚ್ ತರಿಸಿ ಮನೆಯಲ್ಲೇ ಹಾಕಿಕೊಳ್ಳಬಹುದಾ?" ತೀರ್ಥಹಳ್ಳಿ, ಸಾಗರ, ಹೊಸನಗರ, ಶೃಂಗೇರಿ ಕಡೆಯಿಂದ ಪದೇ ಪದೇ ಬರುವ ಪ್ರಶ್ನೆ ಇದು. ರೀಮ್ಯಾಪ್ ಅಂದರೆ ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಬಲ ಹೆಚ್ಚಿಸುವುದು. ಹೆವಿ ಅಥವಾ ಪರ್ಫಾರ್ಮೆನ್ಸ್ ಕ್ಲಚ್ ಅಂದರೆ ಆ ಬಲ ತಡೆಯುವ ಗಟ್ಟಿ ಕ್ಲಚ್. ಹಾಕಿಕೊಳ್ಳಬಹುದು. ಆದರೆ ಕ್ಲಚ್ ಬದಲಿಸುವುದು ಅಂದರೆ ನಿಜವಾಗಿ ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೆಲಸ. ಹಳೇ ಕ್ಲಚ್ ಬಿಚ್ಚಿ ಹೊಸದು ಕೂರಿಸುವುದಕ್ಕೆ ಹೆಚ್ಚು ಹೊತ್ತು ಬೇಡ. ಅಲ್ಲಿಗೆ ಕೈ ಹೋಗುವಂತೆ ಮಾಡಿಕೊಳ್ಳುವುದಕ್ಕೇ ದಿನ ಹಿಡಿಯುತ್ತದೆ. ಮೊದಲ ಸಲ ಮಾಡುವವರು ಇಬ್ಬರು ಇರಿ, ಎರಡು ಪೂರ್ತಿ ದಿನ ಬಿಡುವು ಇಟ್ಟುಕೊಳ್ಳಿ.

ಇಲ್ಲಿ ಹೇಳುತ್ತಿರುವುದು ಇಂಜಿನ್ ಅಡ್ಡ ಕೂತಿರುವ, ಮುಂದಿನ ಚಕ್ರ ಎಳೆಯುವ ಮ್ಯಾನ್ಯುಯಲ್ ಕಾರುಗಳ ವಿಷಯ. ಸ್ವಿಫ್ಟ್, ಬಲೆನೊ ಆರ್‌ಎಸ್, ಪೋಲೊ ಟಿಎಸ್‌ಐ, ಅಬಾರ್ತ್ ಪುಂಟೊ, ಈ ಜಾತಿಯವು. ಜಿಪ್ಸಿ, ಥಾರ್ ಇದ್ದವರಿಗೆ ದಾರಿ ಬೇರೆ. ಎಎಂಟಿ ಅಥವಾ ಡಿಎಸ್‌ಜಿ, ಅಂದರೆ ತಾನೇ ಗೇರ್ ಬದಲಿಸುವ ಗೇರ್‌ಬಾಕ್ಸ್ ಇದ್ದರೆ ಮನೆಯಲ್ಲಿ ಕೈ ಹಾಕಬೇಡಿ. ಅವುಗಳಲ್ಲಿ ಕ್ಲಚ್ ಕೂರಿಸಿದ ಮೇಲೆ ಸ್ಕ್ಯಾನರ್ ಹಚ್ಚಿ ಸೆಟ್ಟಿಂಗ್ ಮಾಡಬೇಕು, ಅದು ಸ್ಪಾನರ್‌ನಿಂದ ಆಗುವುದಲ್ಲ.

ಐದು ಹೆಸರು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಇಂಜಿನ್ನಿನ ತುದಿಗೆ ಬೋಲ್ಟ್ ಮಾಡಿರುವ ಭಾರದ ಕಬ್ಬಿಣದ ಚಕ್ರ ಫ್ಲೈವೀಲ್. ಅದಕ್ಕೆ ಒತ್ತಿಕೊಂಡು ತಿರುಗುವ, ಎರಡೂ ಕಡೆ ಲೈನಿಂಗ್ ಇರುವ ಬಿಲ್ಲೆ ಕ್ಲಚ್ ಪ್ಲೇಟ್. ಆ ಬಿಲ್ಲೆಯನ್ನು ಸ್ಪ್ರಿಂಗ್ ಬಲದಿಂದ ಅದುಮಿ ಹಿಡಿಯುವುದು ಪ್ರೆಶರ್ ಪ್ಲೇಟ್. ನೀವು ಪೆಡಲ್ ತುಳಿದಾಗ ಪ್ರೆಶರ್ ಪ್ಲೇಟಿನ ನಡುವಿನ ಬೆರಳುಗಳನ್ನು ತಳ್ಳಿ ಹಿಡಿತ ಬಿಡಿಸುವುದು ರಿಲೀಸ್ ಬೇರಿಂಗ್. ಗೇರ್‌ಬಾಕ್ಸಿನಿಂದ ಹೊರಗೆ ಬಂದಿರುವ ಗೀರು ಗೀರಿನ ಕಂಬಿ, ಅಂದರೆ ಇನ್‌ಪುಟ್ ಶಾಫ್ಟ್, ಕ್ಲಚ್ ಪ್ಲೇಟಿನ ನಡುವೆ ತೂರಿ ಕೂರುತ್ತದೆ.

1. ಹೋಗಿರುವುದು ಕ್ಲಚ್ಚೇನಾ?

ಘಾಟಿಯಲ್ಲಿ ಸುಟ್ಟ ವಾಸನೆ ಬಂದ ಮಾತ್ರಕ್ಕೆ ಕ್ಲಚ್ ಮುಗಿಯಿತು ಅಂತಲ್ಲ. ಹುಲಿಕಲ್ ಘಾಟಿಯಲ್ಲಿ ಲಾರಿ ಹಿಂದೆ ಹಾಫ್ ಕ್ಲಚ್‌ನಲ್ಲಿ ತೆವಳಿದರೆ ಹೊಸ ಕ್ಲಚ್ಚೂ ವಾಸನೆ ಬರುತ್ತದೆ. ಇಳಿಯುವಾಗ ಬಂದರೆ ಅದು ಬ್ರೇಕ್ ಪ್ಯಾಡ್ ವಾಸನೆ ಇರಬಹುದು.

ಪರೀಕ್ಷೆ ಹೀಗೆ. ಮಟ್ಟಸವಾದ, ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 40ರಿಂದ 50 ಕಿಲೋಮೀಟರ್ ವೇಗಕ್ಕೆ ಬನ್ನಿ. ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಸರ್ರನೆ ಮೇಲೆದ್ದು, ಕಾರಿನ ವೇಗ ಮಾತ್ರ ಅಷ್ಟೇ ಇದ್ದರೆ ಕ್ಲಚ್ ಜಾರುತ್ತಿದೆ. ಒಂದು ಸಲ ನೋಡಿದರೆ ಸಾಕು, ಮತ್ತೆ ಮತ್ತೆ ಮಾಡಿ ಉಳಿದದ್ದನ್ನೂ ಸುಡಬೇಡಿ.

ಶಬ್ದದ ತೊಂದರೆಯಾದರೆ ಬೇರೆ ಲೆಕ್ಕ. ಪೆಡಲ್ ತುಳಿದಾಗ ಕಿರ್ರೆಂದರೆ ಸಾಮಾನ್ಯವಾಗಿ ರಿಲೀಸ್ ಬೇರಿಂಗ್. ನ್ಯೂಟ್ರಲ್‌ನಲ್ಲಿ ನಿಂತಾಗ ಬರುವ ಶಬ್ದ ಪೆಡಲ್ ತುಳಿದರೆ ನಿಂತುಹೋಗುತ್ತದೆ ಅಂದರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗ್ ಮೇಲೆ ಅನುಮಾನ ಪಡಿ. ಅದಕ್ಕೆ ಹೊಸ ಕ್ಲಚ್ ಹಾಕಿ ಪ್ರಯೋಜನವಿಲ್ಲ. ಇನ್ನೊಂದು ನಮ್ಮ ಕಡೆಯದೇ ತೊಂದರೆ ಇದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸಿದ ಕಾರಿನ ಕ್ಲಚ್ ಪ್ಲೇಟ್ ತುಕ್ಕಿನಿಂದ ಫ್ಲೈವೀಲ್‌ಗೆ ಅಂಟಿಕೊಂಡುಬಿಡುತ್ತದೆ. ಪೆಡಲ್ ಪೂರ್ತಿ ತುಳಿದರೂ ಗೇರ್ ಬೀಳುವುದಿಲ್ಲ. ಎಷ್ಟೋ ಸಲ ಇಂಜಿನ್ ಚೆನ್ನಾಗಿ ಬಿಸಿ ಮಾಡಿ, ಆಫ್ ಮಾಡಿ, ಎದುರಿಗೆ ಖಾಲಿ ಜಾಗ ಇಟ್ಟುಕೊಂಡು, ಎರಡನೇ ಗೇರಿನಲ್ಲಿ ಕ್ಲಚ್ ತುಳಿದೇ ಸ್ಟಾರ್ಟ್ ಮಾಡಿದರೆ ಬಿಟ್ಟುಕೊಳ್ಳುತ್ತದೆ. ಸ್ಟಾರ್ಟ್ ಆಗುತ್ತಿದ್ದಂತೆ ಕಾರು ಮುಂದಕ್ಕೆ ಜಿಗಿಯುತ್ತದೆ, ಬ್ರೇಕ್ ಮೇಲೆ ಕಾಲು ತಯಾರಿರಲಿ.

2. ಯಾವ ಕ್ಲಚ್ ತರಿಸಬೇಕು?

ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಇಲ್ಲಿ, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ಕ್ಲಚ್ ಎಷ್ಟು ಟಾರ್ಕ್, ಅಂದರೆ ಇಂಜಿನ್ನಿನ ತಿರುಗಿಸುವ ಬಲ, ತಡೆದುಕೊಳ್ಳುತ್ತದೆ ಅನ್ನುವುದು ಮೂರರ ಮೇಲೆ ನಿಂತಿದೆ: ಪ್ರೆಶರ್ ಪ್ಲೇಟ್ ಎಷ್ಟು ಗಟ್ಟಿಯಾಗಿ ಅದುಮುತ್ತದೆ, ಲೈನಿಂಗ್ ಎಷ್ಟು ಕಚ್ಚುತ್ತದೆ, ಬಿಲ್ಲೆ ಎಷ್ಟು ದೊಡ್ಡದು. ಬಿಲ್ಲೆಯ ಅಳತೆ ಫ್ಲೈವೀಲ್‌ಗೆ ತಕ್ಕಂತೆ ಇರಬೇಕು, ಹಾಗಾಗಿ ಮಾರುವವರು ಹೆಚ್ಚಿಸುವುದು ಮೊದಲ ಎರಡನ್ನು. ಅದುಮುವ ಬಲ ಜಾಸ್ತಿ ಮಾಡಿದರೆ ಪೆಡಲ್ ಭಾರವಾಗುತ್ತದೆ. ಕಚ್ಚುವ ಗುಣ ಜಾಸ್ತಿ ಮಾಡಿದರೆ ಕ್ಲಚ್ ಬಿಡುವಾಗ ಜರ್ಕ್ ಹೊಡೆಯುತ್ತದೆ. ಎರಡರಲ್ಲಿ ಒಂದನ್ನು ನೀವು ಸಹಿಸಲೇಬೇಕು.

ಲೈನಿಂಗ್‌ನಲ್ಲಿ ಮುಖ್ಯವಾಗಿ ಮೂರು ಬಗೆ. ಆರ್ಗ್ಯಾನಿಕ್ ಅಂದರೆ ಕಂಪನಿಯಿಂದ ಬರುವಂಥದ್ದೇ, ಮೆತ್ತಗೆ ಹಿಡಿಯುತ್ತದೆ. ಕೆವ್ಲಾರ್ ಬಾಳಿಕೆ ಜಾಸ್ತಿ, ಆದರೆ ಶುರುವಿನಲ್ಲಿ ಪಳಗಿಸಲು ತಾಳ್ಮೆ ಬೇಕು. ಮೂರನೆಯದು ಸಿರಾಮಿಕ್. ಇಡೀ ಬಿಲ್ಲೆಗೆ ಲೈನಿಂಗ್ ಇರುವುದಿಲ್ಲ, ಅಲ್ಲಲ್ಲಿ ತುಂಡು ತುಂಡಾಗಿ ಇರುತ್ತದೆ. ಬಟನ್ ಕ್ಲಚ್ ಅನ್ನುವುದು ಇದನ್ನೇ. ಬಿಸಿಗೆ ಜಗ್ಗುವುದಿಲ್ಲ, ಆದರೆ ಹಾಫ್ ಕ್ಲಚ್ ಅನ್ನುವುದೇ ಇಲ್ಲದಂತೆ ಆಗುತ್ತದೆ. ಒಂದೋ ಹಿಡಿಯಿತು, ಇಲ್ಲಾ ಬಿಟ್ಟಿತು.

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ರ್ಯಾಲಿ ನೋಡಿ ಬಂದವರು ಬಟನ್ ಕ್ಲಚ್ ಕೇಳುತ್ತಾರೆ. ರ್ಯಾಲಿ ಕಾರು ಸ್ಟೇಜ್ ಶುರುವಿನಲ್ಲಿ ಒಂದು ಸಲ ಜಿಗಿದರೆ ಮುಗಿಯಿತು. ನೀವು ತೋಟದ ದಿಣ್ಣೆಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು, ಎದುರಿನ ಜೀಪಿಗೆ ದಾರಿ ಬಿಟ್ಟು, ಮತ್ತೆ ಏರಿನಲ್ಲೇ ಎತ್ತಬೇಕು. ಆಗುಂಬೆಯ 14 ತಿರುವುಗಳಲ್ಲಿ ಎದುರಿನಿಂದ ವಾಹನ ಬಂದರೆ ತಿರುವಿನಲ್ಲೇ ನಿಂತು ಹೊರಡಬೇಕು. ಅಂಥ ಕಡೆ ಬಟನ್ ಕ್ಲಚ್ ಕಾರನ್ನು ಗಡಗಡ ಅಲ್ಲಾಡಿಸುತ್ತದೆ. ಇದೇ ಕಾರಣಕ್ಕೆ ಹಗುರ ಫ್ಲೈವೀಲ್ ಕೂಡ ಬೇಡ ಅನ್ನುತ್ತೇನೆ. ಆರ್‌ಪಿಎಂ ಬೇಗ ಏರುತ್ತದೆ ನಿಜ, ಏರಿನಲ್ಲಿ ಹೊರಡುವಾಗ ಇಂಜಿನ್ ಅಷ್ಟೇ ಬೇಗ ಆಫ್ ಆಗುತ್ತದೆ.

ನನ್ನ ಸಲಹೆ: ದಿನಬಳಕೆಯ ಕಾರಿಗೆ ಸ್ಪ್ರಿಂಗ್ ಇರುವ ಹಬ್‌ನ ಆರ್ಗ್ಯಾನಿಕ್ ಪ್ಲೇಟ್, ಅದರ ಜೊತೆ ಸ್ವಲ್ಪ ಗಟ್ಟಿ ಪ್ರೆಶರ್ ಪ್ಲೇಟ್. ಸ್ಪ್ರಿಂಗ್ ಹಬ್ ಅಂದರೆ ಬಿಲ್ಲೆಯ ನಡುವೆ ಕಾಣುವ ಸಣ್ಣ ಸುರುಳಿ ಸ್ಪ್ರಿಂಗ್‌ಗಳು, ಜರ್ಕ್ ನುಂಗುವುದು ಇವೇ. ಈಗ ನಿಮ್ಮ ಇಂಜಿನ್ ಕೊಡುವ ಟಾರ್ಕ್‌ಗಿಂತ ಕಾಲು ಭಾಗದಷ್ಟು ಹೆಚ್ಚು ತಡೆಯುವ ಕ್ಲಚ್ ಸಾಕು. ಬಲೆನೊ ಆರ್‌ಎಸ್ ಕಂಪನಿಯಿಂದ ಬರುವಾಗ 150 ನ್ಯೂಟನ್ ಮೀಟರ್, ಪೋಲೊದ ಒಂದು ಲೀಟರ್ ಟಿಎಸ್‌ಐ 175, ಅಬಾರ್ತ್ ಪುಂಟೊ 212. ರೀಮ್ಯಾಪ್ ಆದ ಮೇಲೆ ಎಷ್ಟಾಯಿತು ಅನ್ನುವುದನ್ನು ಮಾಡಿದವರಿಂದ ಬರೆಸಿಕೊಂಡು, ಅದರ ಮೇಲೆ ಲೆಕ್ಕ ಹಾಕಿ. ಎರಡು ಪಟ್ಟು ತಡೆಯುವ ಕ್ಲಚ್ ತಂದರೆ ದಂಡ ಕಟ್ಟುವುದು ನಿಮ್ಮ ಎಡಗಾಲು. ರೀಮ್ಯಾಪ್ ಮಾಡಿಸದೆ ಇದ್ದರೆ ಕಂಪನಿಯ ಕ್ಲಚ್ಚನ್ನೇ ಹಾಕಿ, ಅದೇ ಸರಿ.

ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರೂ ಇರುವ ಸೆಟ್ ತರಿಸಿ. ಬೇರಿಂಗ್ ಒಂದನ್ನು ಉಳಿಸಲು ಹೋಗಿ ಆರು ತಿಂಗಳಿಗೆ ಮತ್ತೆ ಗೇರ್‌ಬಾಕ್ಸ್ ಇಳಿಸಿದವರು ಬೇಕಾದಷ್ಟಿದ್ದಾರೆ. ಆರ್ಡರ್ ಮಾಡುವ ಮೊದಲು ಕಾರಿನ ಚಾಸಿಸ್ ನಂಬರ್ ಕೊಟ್ಟು ಖಚಿತ ಮಾಡಿಕೊಳ್ಳಿ. ಒಂದೇ ಹೆಸರಿನ ಕಾರಿಗೂ ವರ್ಷದಿಂದ ವರ್ಷಕ್ಕೆ ಬಿಲ್ಲೆಯ ಅಳತೆ, ಗೀರುಗಳ ಎಣಿಕೆ ಬದಲಾಗಿರಬಹುದು. ಇನ್ನೊಂದು ಮಾತು: ಕೆಲವು ಕಾರುಗಳಲ್ಲಿ ತಾನೇ ಅಡ್ಜಸ್ಟ್ ಆಗುವ ಪ್ರೆಶರ್ ಪ್ಲೇಟ್ ಇರುತ್ತದೆ. ಅದನ್ನು ಕೂರಿಸಲು ಒತ್ತಿ ಹಿಡಿಯುವ ವಿಶೇಷ ಟೂಲ್ ಬೇಕು. ನಿಮ್ಮದು ಅಂಥದ್ದಾ ಅಂತ ಮೊದಲೇ ಕೇಳಿ.

3. ಜಾಗ, ಕಾಲ, ಸಾಮಾನು

ಅಡಿಕೆ ಒಣಗಿಸಿ ಮುಗಿದು ಅಂಗಳ ಖಾಲಿಯಾದ ಮೇಲೆ, ಮುಂಗಾರು ಹಿಡಿಯುವ ಮೊದಲು. ಇದೇ ಒಳ್ಳೆಯ ಕಾಲ. ಜೂನ್ ಆಮೇಲೆ ಬೇಡ. ತೇವದಲ್ಲಿ ಫ್ಲೈವೀಲ್ ಒರೆಸಿಟ್ಟು ಊಟಕ್ಕೆ ಹೋಗಿ ಬರುವಷ್ಟರಲ್ಲಿ ತೆಳು ತುಕ್ಕು ಹತ್ತಿರುತ್ತದೆ.

ನೆಲ ಸಿಮೆಂಟಿನದ್ದಾಗಿರಲಿ, ಮಟ್ಟಸವಾಗಿರಲಿ. ಸಗಣಿ ಸಾರಿಸಿದ ಮಣ್ಣಿನ ಅಂಗಳದಲ್ಲಿ ಜಾಕ್ ಸ್ಟ್ಯಾಂಡಿನ ಕಾಲು ಇಳಿದುಹೋಗುತ್ತದೆ. ಬೇರೆ ಜಾಗ ಇಲ್ಲವೇ ಇಲ್ಲ ಅಂದರೆ ಒಂದೊಂದು ಸ್ಟ್ಯಾಂಡಿನ ಕೆಳಗೂ ದಪ್ಪ ಹಲಗೆ ಇಡಿ. ಮನೆ ಕಟ್ಟಿ ಉಳಿದ ಜಂಬಿಟ್ಟಿಗೆ ಕಲ್ಲು ಮೂಲೆಯಲ್ಲಿ ಇದ್ದೇ ಇರುತ್ತದೆ ಅಲ್ವಾ, ಅದನ್ನು ಕಾರಿನ ಕೆಳಗೆ ಕೊಡಲೇಬೇಡಿ. ಗೋಡೆಗೆ ಗಟ್ಟಿ ಇರುವ ಕಲ್ಲು ಒಂದೇ ಬಿಂದುವಿನ ಮೇಲೆ ಭಾರ ಬಿದ್ದರೆ ಪುಡಿಯಾಗುತ್ತದೆ. ಹಾಲೋ ಬ್ಲಾಕ್ ಕೂಡ ಹಾಗೇ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ, ಒಂದು ನಿಮಿಷಕ್ಕೂ ಬೇಡ.

ಬೇಕಾದ ಸಾಮಾನು: ಟ್ರಾಲಿ ಜಾಕ್ ಎರಡು, ಜಾಕ್ ಸ್ಟ್ಯಾಂಡ್ ನಾಲ್ಕು, ಸಾಕೆಟ್ ಸೆಟ್, ಆಕ್ಸಲ್ ನಟ್‌ಗೆ (ಚಕ್ರದ ನಡುವಿನ ದೊಡ್ಡ ನಟ್) ತಕ್ಕ ದೊಡ್ಡ ಸಾಕೆಟ್ ಮತ್ತು ಉದ್ದ ಹ್ಯಾಂಡಲ್, ಟಾರ್ಕ್ ರೆಂಚ್, ಎರಡು ಮೀಟುಗೋಲು, ಕ್ಲಚ್ ಸೆಂಟರ್ ಮಾಡುವ ಪ್ಲಾಸ್ಟಿಕ್ ಟೂಲ್ (ಸೆಟ್ ಜೊತೆಗೇ ಬರುವುದುಂಟು), ಬ್ರೇಕ್ ಕ್ಲೀನರ್ ಸ್ಪ್ರೇ. ಟಾರ್ಕ್ ರೆಂಚ್ ಅಂದರೆ ಇಷ್ಟೇ ಬಿಗಿ ಅಂತ ಅಳೆದು ಹೇಳುವ ಹ್ಯಾಂಡಲ್. ಇದನ್ನು ಬಿಟ್ಟು "ಕೈ ಅಂದಾಜು" ಅನ್ನುವವರ ಮಾತು ಕೇಳಬೇಡಿ. ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್ ಹುಡುಕಿ, ಬೇಕಾದ ಟಾರ್ಕ್ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ.

ಹೊಸದಾಗಿ ತರಬೇಕಾದ್ದು: ಗೇರ್ ಆಯಿಲ್, ಡ್ರೈವ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಕಂಬಿ) ಆಯಿಲ್ ಸೀಲ್ ಎರಡು, ಆಕ್ಸಲ್ ನಟ್ ಎರಡು, ಇಂಜಿನ್ ಹಿಂದಿನ ಆಯಿಲ್ ಸೀಲ್, ಫ್ಲೈವೀಲ್ ಬಿಚ್ಚುವುದಾದರೆ ಅದರ ಬೋಲ್ಟ್‌ಗಳು. ಗೇರ್ ಆಯಿಲ್ ಮ್ಯಾನ್ಯುಯಲ್ ಹೇಳಿದ ಗ್ರೇಡೇ ಇರಲಿ. ಜಿಎಲ್-4 ಹೇಳಿದ ಕಡೆ ಸುಮ್ನೆ ಜಿಎಲ್-5 ಸುರಿಯಬೇಡಿ, ಗೇರ್ ಒಳಗಿನ ಹಿತ್ತಾಳೆ ರಿಂಗುಗಳಿಗೆ ಅದು ಆಗಿಬರದೆ ಇರಬಹುದು.

4. ಕಾರು ನೆಲದ ಮೇಲಿರುವಾಗಲೇ

ಆಕ್ಸಲ್ ನಟ್ ಈಗಲೇ ಸಡಿಲ ಮಾಡಿ. ಕಾರು ಎತ್ತಿದ ಮೇಲೆ ಚಕ್ರ ತಿರುಗುತ್ತದೆ, ಆಮೇಲೆ ಪರದಾಟ. ನಟ್ಟಿನ ಅಂಚನ್ನು ಶಾಫ್ಟಿನ ಗೀರಿಗೆ ಬಡಿದು ಕೂರಿಸಿರುತ್ತಾರೆ, ಮೊದಲು ಅದನ್ನು ಸಣ್ಣ ಉಳಿಯಿಂದ ಎಬ್ಬಿಸಿ. ಒಬ್ಬರು ಬ್ರೇಕ್ ತುಳಿದಿರಲಿ, ಇನ್ನೊಬ್ಬರು ಉದ್ದ ಹ್ಯಾಂಡಲ್ ಹಾಕಿ ಎಳೆಯಲಿ. ನಟ್ ಬಿಚ್ಚಿ ತೆಗೆಯುವುದು ಬೇಡ, ಸಡಿಲ ಆದರೆ ಸಾಕು. ಸಡಿಲವಾದ ಮೇಲೆ ಕಾರನ್ನು ಉರುಳಿಸಬೇಡಿ, ಚಕ್ರದ ಬೇರಿಂಗ್ ಹಾಳಾಗುತ್ತದೆ.

ಬ್ಯಾಟರಿಯ ನೆಗೆಟಿವ್ ಮೊದಲು ತೆಗೆಯಿರಿ. ಆಮೇಲೆ ಬ್ಯಾಟರಿ, ಅದರ ತಟ್ಟೆ, ಏರ್ ಫಿಲ್ಟರ್ ಡಬ್ಬಿ ಹೊರಗೆ. ಗೇರ್ ಕೇಬಲ್‌ಗಳು, ರಿವರ್ಸ್ ಸ್ವಿಚ್ ವೈರು, ಸ್ಪೀಡ್ ಸೆನ್ಸರ್, ಅರ್ತ್ ವೈರು, ಸ್ಟಾರ್ಟರ್ ಮೋಟರ್. ಪ್ರತಿಯೊಂದನ್ನು ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ.

ಕ್ಲಚ್ ಕೇಬಲ್ ಇದ್ದರೆ ಬಿಡಿಸಿ ಪಕ್ಕಕ್ಕೆ ಕಟ್ಟಿ. ಆಯಿಲ್‌ನಿಂದ ಕೆಲಸ ಮಾಡುವ ಕ್ಲಚ್ ಆದರೆ ಹೊರಗಿರುವ ಸ್ಲೇವ್ ಸಿಲಿಂಡರನ್ನು ಪೈಪ್ ಸಮೇತ ಬಿಚ್ಚಿ ಕಟ್ಟಿಡಿ. ಸ್ಲೇವ್ ಸಿಲಿಂಡರ್ ಅಂದರೆ ಪೆಡಲ್ ಒತ್ತಡವನ್ನು ಗೇರ್‌ಬಾಕ್ಸ್ ಹತ್ತಿರ ತಳ್ಳುವ ಪಿಸ್ಟನ್. ಇಲ್ಲಿಂದ ಮುಂದೆ ಅದನ್ನು ವಾಪಸ್ ಕೂರಿಸುವ ತನಕ ಯಾರೂ ಕ್ಲಚ್ ಪೆಡಲ್ ತುಳಿಯಕೂಡದು, ತುಳಿದರೆ ಪಿಸ್ಟನ್ ಹೊರಗೆ ಹಾರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಡ್ರೈವರ್ ಬಾಗಿಲು ಲಾಕ್ ಮಾಡಿ.

5. ಎತ್ತುವುದು, ಡ್ರೈವ್ ಶಾಫ್ಟ್ ತೆಗೆಯುವುದು

ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಮುಂಭಾಗ ಎತ್ತಿ, ಕಂಪನಿ ತೋರಿಸಿದ ಜಾಗದಲ್ಲೇ ಸ್ಟ್ಯಾಂಡ್ ಕೊಡಿ. ಕೂರಿಸಿದ ಮೇಲೆ ಕಾರನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿ. ಬೀಳುವುದಿದ್ದರೆ ಈಗಲೇ ಬೀಳಲಿ.

ಗೇರ್ ಆಯಿಲ್ ಇಳಿಸುವ ಮೊದಲು ಮೇಲಿನ ತುಂಬುವ ನಟ್ ಬಿಚ್ಚಿ ನೋಡಿ. ಕೆಳಗಿನದು ಬಿಚ್ಚಿ ಆಯಿಲ್ ಎಲ್ಲ ಸುರಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರಲೇ ಇಲ್ಲ ಅಂದರೆ ಕಾರು ಅಲ್ಲೇ ಕೂತಿರುತ್ತದೆ. ಇಳಿದ ಆಯಿಲ್‌ನಲ್ಲಿ ಬೆರಳಾಡಿಸಿ. ಬೂದಿಯಂಥ ನಯವಾದ ಪುಡಿ ಇದ್ದರೆ ಸಹಜ. ಕಬ್ಬಿಣದ ಚೂರು ಕೈಗೆ ಸಿಕ್ಕರೆ ಗೇರ್‌ಬಾಕ್ಸ್ ಹೇಗೂ ಇಳಿಯುತ್ತಿದೆ, ಬಲ್ಲವರಿಗೆ ತೋರಿಸಿ.

ಲೋವರ್ ಆರ್ಮ್‌ನ ಬಾಲ್ ಜಾಯಿಂಟ್ ಬಿಡಿಸಿ, ಚಕ್ರದ ಹಬ್ಬನ್ನು ಹೊರಕ್ಕೆ ಎಳೆದರೆ ಡ್ರೈವ್ ಶಾಫ್ಟಿನ ಹೊರತುದಿ ಬಿಡುತ್ತದೆ. ಒಳತುದಿ ಗೇರ್‌ಬಾಕ್ಸಿನಲ್ಲಿ ಸಣ್ಣ ರಿಂಗ್‌ನಿಂದ ಸಿಕ್ಕಿಕೊಂಡಿರುತ್ತದೆ. ಮೀಟುಗೋಲನ್ನು ಜಾಯಿಂಟಿನ ಗಡುಸು ಭಾಗಕ್ಕೆ ಕೊಟ್ಟು ಒಂದೇ ಏಟಿಗೆ ಮೀಟಿ. ಶಾಫ್ಟ್ ಹಿಡಿದು ಎಳೆಯಬೇಡಿ, ಒಳಗಿನ ಜಾಯಿಂಟ್ ಕಳಚಿಕೊಂಡು ರಬ್ಬರ್ ಬೂಟಿನೊಳಗೆ ಬೇರೆಯಾಗುತ್ತದೆ. ಪೋಲೊದಂಥ ಕೆಲವು ಕಾರುಗಳಲ್ಲಿ ಒಳತುದಿ ಬೋಲ್ಟ್‌ಗಳಿಂದ ಕೂತಿರುತ್ತದೆ, ಅಲ್ಲಿ ಮೀಟುವ ಮಾತೇ ಇಲ್ಲ. ತೆಗೆದ ಶಾಫ್ಟ್‌ಗಳ ತುದಿಗೆ ಪ್ಲಾಸ್ಟಿಕ್ ಕವರ್ ಸುತ್ತಿ. ನಮ್ಮ ಕೆಂಪು ಧೂಳು ಗ್ರೀಸಿಗೆ ಅಂಟಿದರೆ ಅದು ಸಾಣೆಪುಡಿಯ ಹಾಗೆ ತೇಯುತ್ತದೆ.

6. ಗೇರ್‌ಬಾಕ್ಸ್ ಇಳಿಸುವುದು

ಗೇರ್‌ಬಾಕ್ಸಿನ ಮೌಂಟಿಂಗ್ ತೆಗೆದ ಮೇಲೆ ಇಂಜಿನ್ ಒಂದು ಕಡೆಗೆ ವಾಲುತ್ತದೆ. ಆದ್ದರಿಂದ ಮೊದಲು ಇಂಜಿನ್‌ಗೆ ಆಧಾರ. ಎರಡೂ ಫೆಂಡರ್ ಅಂಚಿಗೆ ಅಡ್ಡ ಕೂರುವ ಸಪೋರ್ಟ್ ಬಾರ್ ಗ್ಯಾರೇಜಿನಿಂದ ಬಾಡಿಗೆಗೆ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಕೆಳಗಿನಿಂದ ಜಾಕ್ ಕೊಟ್ಟು, ನಡುವೆ ಅಗಲ ಹಲಗೆ ಇಡಿ. ಬರೀ ಜಾಕ್ ತಲೆ ತಾಗಿದರೆ ಆಯಿಲ್ ಸಂಪ್ ತಗ್ಗು ಬೀಳುತ್ತದೆ. ಅಡಿಕೆ ಮರದ ದಬ್ಬೆ ಅಡ್ಡ ಹಾಕಿ ಹಗ್ಗದಲ್ಲಿ ತೂಗುಹಾಕುವ ಸಾಹಸ ಬೇಡ.

ಬೆಲ್ ಹೌಸಿಂಗ್, ಅಂದರೆ ಕ್ಲಚ್ ಮುಚ್ಚಿರುವ ಗಂಟೆಯಾಕಾರದ ಭಾಗದ ಸುತ್ತ ಬೋಲ್ಟ್‌ಗಳಿವೆ. ಎಲ್ಲ ಒಂದೇ ಉದ್ದ ಇರುವುದಿಲ್ಲ. ರಟ್ಟಿನ ಮೇಲೆ ಗೇರ್‌ಬಾಕ್ಸಿನ ಆಕಾರ ಬರೆದು, ಬಿಚ್ಚಿದ ಬೋಲ್ಟನ್ನು ಅದದೇ ಜಾಗದಲ್ಲಿ ಚುಚ್ಚಿಡಿ. ಉದ್ದದ ಬೋಲ್ಟ್ ಗಿಡ್ಡ ತೂತಿಗೆ ಹೋದರೆ ಅಲ್ಯೂಮಿನಿಯಂ ಒಡೆಯುತ್ತದೆ. ಕೊನೆಯ ಎರಡು ಬೋಲ್ಟ್ ಉಳಿದಾಗ ಎರಡನೇ ಜಾಕನ್ನು ಗೇರ್‌ಬಾಕ್ಸ್ ಕೆಳಗೆ ಕೊಡಿ.

ಸಣ್ಣ ಕಾರಿನ ಗೇರ್‌ಬಾಕ್ಸೂ 30 ಕಿಲೋ ಆಸುಪಾಸು ತೂಗುತ್ತದೆ, ಮಲಗಿಕೊಂಡು ಎದೆ ಮೇಲೆ ಇಳಿಸಿಕೊಳ್ಳುವ ವಸ್ತುವಲ್ಲ. ನೇರವಾಗಿ, ಇಂಜಿನ್‌ನಿಂದ ದೂರಕ್ಕೆ ಸರಿಸಿ. ಇನ್‌ಪುಟ್ ಶಾಫ್ಟ್ ಪೂರ್ತಿ ಹೊರಗೆ ಬರುವ ತನಕ ಕೆಳಗೆ ಜೋತುಬೀಳಲು ಬಿಡಬೇಡಿ.

7. ಹಳೇ ಕ್ಲಚ್ ಏನು ಹೇಳುತ್ತದೆ?

ಪ್ರೆಶರ್ ಪ್ಲೇಟಿನ ಬೋಲ್ಟ್‌ಗಳನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಒಂದನ್ನೇ ಪೂರ್ತಿ ಬಿಚ್ಚಿದರೆ ಸ್ಪ್ರಿಂಗ್ ಬಲಕ್ಕೆ ತಟ್ಟೆ ಸೊಟ್ಟಗಾಗುತ್ತದೆ. ಒಳಗಿನ ಕಪ್ಪು ಧೂಳನ್ನು ಏರ್ ಹೊಡೆದು ಹಾರಿಸಬೇಡಿ. ಹಳೇ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಉಂಟು. ಮಾಸ್ಕ್ ಹಾಕಿ, ಸ್ಪ್ರೇ ಹೊಡೆದು ಒದ್ದೆ ಮಾಡಿ ಒರೆಸಿ.

ಬಿಸಾಡುವ ಮೊದಲು ಹಳೇ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ. ಲೈನಿಂಗ್ ರಿವೆಟ್ ಮಟ್ಟಕ್ಕೆ ಸವೆದಿದ್ದರೆ ಸಹಜ ಸಾವು. ಲೈನಿಂಗ್ ದಪ್ಪ ಇದ್ದು, ಮೇಲೆ ಕನ್ನಡಿಯಂತೆ ಹೊಳಪು ಬಂದು, ಫ್ಲೈವೀಲ್ ಮೇಲೆ ನೀಲಿ ಕಲೆಗಳಿದ್ದರೆ ಬಿಸಿಗೆ ಸುಟ್ಟಿದೆ: ಟಾರ್ಕ್ ಜಾಸ್ತಿ ಆಗಿದೆ, ಇಲ್ಲವೇ ಹಾಫ್ ಕ್ಲಚ್ ಅಭ್ಯಾಸ. ಲೈನಿಂಗ್ ಒದ್ದೆಯಾಗಿ ಎಣ್ಣೆ ಜಿಡ್ಡು ಕಂಡರೆ ಸೀಲ್ ಸೋರುತ್ತಿದೆ. ಮೂಸಿ ನೋಡಿ. ಗೇರ್ ಆಯಿಲ್‌ಗೆ ಗಂಧಕದ ಘಾಟು ವಾಸನೆ ಇರುತ್ತದೆ, ಹಾಗಿದ್ದರೆ ಗೇರ್‌ಬಾಕ್ಸ್ ಕಡೆಯ ಸೀಲ್. ಇಲ್ಲದಿದ್ದರೆ ಇಂಜಿನ್ ಹಿಂದಿನ ಸೀಲ್. ಸೋರುವ ಸೀಲ್ ಬಿಟ್ಟು ಹೊಸ ಕ್ಲಚ್ ಹಾಕಿದರೆ ಅದೂ ಇದೇ ದಾರಿ ಹಿಡಿಯುತ್ತದೆ.

ಫ್ಲೈವೀಲ್ ಮೇಲೆ ಉಗುರಿಗೆ ತಡೆಯುವ ಗೀರು, ನೀಲಿ ಕಲೆ, ಕೂದಲೆಳೆಯಂಥ ಬಿರುಕು ಇವೆಯೇ ನೋಡಿ. ಬಿರುಕು ಆಳವಾಗಿದ್ದರೆ ಫ್ಲೈವೀಲ್ ಬದಲಿಸಿ. ಬರೀ ಗೀರು, ಕಲೆ ಆದರೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಲೇತ್ ಕೆಲಸದವರಲ್ಲಿ ಫೇಸಿಂಗ್ (ಮುಖ ತೆಳುವಾಗಿ ಕೆತ್ತಿ ಸಮ ಮಾಡುವುದು) ಮಾಡಿಸಬಹುದು. ತೆಗೆಯಬಹುದಾದ ದಪ್ಪದ ಮಿತಿ ಮ್ಯಾನ್ಯುಯಲ್‌ನಲ್ಲಿರುತ್ತದೆ, ಅದನ್ನು ಬರೆದುಕೊಂಡು ಹೋಗಿ. ಮೆಟ್ಟಿಲಿರುವ ಫ್ಲೈವೀಲ್ ಆದರೆ ಪ್ಲೇಟ್ ಕೂರುವ ಜಾಗ, ಪ್ರೆಶರ್ ಪ್ಲೇಟ್ ಕೂರುವ ಅಂಚು ಎರಡನ್ನೂ ಒಂದೇ ಅಳತೆಗೆ ತೆಗೆಯಬೇಕು. ಒಂದನ್ನೇ ತೆಗೆದರೆ ಅದುಮುವ ಬಲ ಬದಲಾಗಿ, ದುಡ್ಡು ಕೊಟ್ಟು ತಂದ ಗಟ್ಟಿ ಕ್ಲಚ್ಚೂ ಜಾರಬಹುದು. ಎರಡು ಪದರದ ಫ್ಲೈವೀಲ್, ಅಂದರೆ ನಡುವೆ ಸ್ಪ್ರಿಂಗ್ ಇರುವ ಡ್ಯುಯಲ್ ಮಾಸ್ ಜಾತಿಯದನ್ನು ಲೇತ್‌ಗೆ ಕೊಡಬೇಡಿ. ಕೈಯಲ್ಲಿ ತಿರುಗಿಸಿ, ಅಲುಗಿಸಿ, ಆಟ ಮಿತಿ ಮೀರಿದ್ದರೆ ಹೊಸದು.

ಫ್ಲೈವೀಲ್ ಮತ್ತೆ ಹಾಕುವಾಗ ಹೊಸ ಬೋಲ್ಟ್, ಮ್ಯಾನ್ಯುಯಲ್ ಹೇಳಿದ ಲಾಕ್ ಅಂಟು, ಹೇಳಿದ ಟಾರ್ಕ್. ರಾತ್ರಿ ಕೆಲಸ ನಿಲ್ಲಿಸುವಾಗ ಬೆಲ್ ಹೌಸಿಂಗ್‌ಗೆ, ಇಂಜಿನ್ ಬಾಯಿಗೆ ಬಟ್ಟೆ ಮುಚ್ಚಿ. ಜಿರಳೆ, ಹಲ್ಲಿ ಹೋಗಿ ಕೂರುತ್ತವೆ.

8. ಹೊಸ ಕ್ಲಚ್ ಕೂರಿಸುವುದು

ಮೊದಲು ಹೊಸ ಪ್ಲೇಟನ್ನು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿಗೆ ತೂರಿಸಿ ನೋಡಿ. ಸರಾಗವಾಗಿ ಹಿಂದೆ ಮುಂದೆ ಜಾರಬೇಕು. ಜಾರದಿದ್ದರೆ ಅಂಗಡಿಯವರಿಗೆ ಈಗಲೇ ಫೋನ್ ಮಾಡಿ. ಗೀರುಗಳಿಗೆ ಸ್ಪ್ಲೈನ್ ಗ್ರೀಸನ್ನು ಬೆರಳಿನ ತುದಿಯಷ್ಟು ಸವರಿ, ಪ್ಲೇಟ್ ನಾಲ್ಕು ಸಲ ಆಡಿಸಿ, ಹೊರಬಂದ ಗ್ರೀಸನ್ನೆಲ್ಲ ಒರೆಸಿ ತೆಗೆಯಿರಿ. ಜಾಸ್ತಿ ಹಾಕಿದರೆ ತಿರುಗುವಾಗ ಸಿಡಿದು ಲೈನಿಂಗ್ ಮೇಲೆ ಬೀಳುತ್ತದೆ. ಗ್ರೀಸ್ ಬೇಡ ಅಂತ ಸೆಟ್ಟಿನ ಚೀಟಿಯಲ್ಲೇ ಬರೆದಿದ್ದರೆ ಹಾಕಲೇಬೇಡಿ.

ಫ್ಲೈವೀಲ್ ಮತ್ತು ಹೊಸ ಪ್ರೆಶರ್ ಪ್ಲೇಟಿನ ಮುಖವನ್ನು ಕ್ಲೀನರ್‌ನಿಂದ ಒರೆಸಿ. ತುಕ್ಕು ಹಿಡಿಯದಿರಲಿ ಅಂತ ಕಂಪನಿಯವರು ಎಣ್ಣೆ ಸವರಿ ಕಳಿಸಿರುತ್ತಾರೆ. ಲೈನಿಂಗ್‌ಗೆ ಕೈ ಮುಟ್ಟಿಸಬೇಡಿ, ಅಂಚು ಹಿಡಿಯಿರಿ.

ಪ್ಲೇಟಿಗೆ ಎರಡು ಮುಖ ಇದೆ. "ಫ್ಲೈವೀಲ್ ಸೈಡ್" ಅಥವಾ "ಗೇರ್‌ಬಾಕ್ಸ್ ಸೈಡ್" ಅಂತ ಅಚ್ಚಾಗಿರುತ್ತದೆ. ಸಾಮಾನ್ಯವಾಗಿ ನಡುಭಾಗ ಉಬ್ಬಿರುವ ಮುಖ ಗೇರ್‌ಬಾಕ್ಸ್ ಕಡೆಗೆ. ತಿರುವುಮುರುವಾದರೆ ಸ್ಪ್ರಿಂಗ್ ಹೋಗಿ ಫ್ಲೈವೀಲ್ ಬೋಲ್ಟಿಗೆ ತಾಗುತ್ತದೆ, ಎಲ್ಲ ಮುಚ್ಚಿದ ಮೇಲೆ ಗೊತ್ತಾಗುತ್ತದೆ.

ಸೆಂಟರ್ ಮಾಡುವ ಟೂಲ್ ತೂರಿಸಿ ಪ್ಲೇಟ್ ಹಿಡಿದು, ಪ್ರೆಶರ್ ಪ್ಲೇಟನ್ನು ಅದರ ಪಿನ್‌ಗಳ ಮೇಲೆ ಕೂರಿಸಿ. ಬೋಲ್ಟ್‌ಗಳನ್ನು ಮೊದಲು ಕೈಯಲ್ಲಿ, ಆಮೇಲೆ ಎದುರು ಬದುರಾಗಿ ಅರ್ಧರ್ಧ ಸುತ್ತು. ಎಂ8 ಅಳತೆಯ ಬೋಲ್ಟ್‌ಗಳಿಗೆ ಬಹಳ ಕಾರುಗಳಲ್ಲಿ 20ರಿಂದ 25 ನ್ಯೂಟನ್ ಮೀಟರ್ ಆಸುಪಾಸು, ನಿಮ್ಮದು ಗೋಡೆಯ ಹಾಳೆ ನೋಡಿ. ಬಿಗಿ ಮಾಡುವಾಗ ಟೂಲ್ ಜೋತುಬೀಳದಂತೆ ಇನ್ನೊಬ್ಬರು ಎತ್ತಿ ಹಿಡಿದಿರಲಿ. ಮುಗಿದ ಮೇಲೆ ಟೂಲ್ ಸಲೀಸಾಗಿ ಹೊರಗೆ ಬಂದು, ಸಲೀಸಾಗಿ ಒಳಗೆ ಹೋದರೆ ಸೆಂಟರ್ ಸರಿಯಾಗಿದೆ. ಸಿಕ್ಕಿಕೊಂಡರೆ ಬೋಲ್ಟ್ ಸಡಿಲಿಸಿ ಮತ್ತೆ ಮಾಡಿ. ಇಲ್ಲಿ ಉಳಿಸಿದ ಹತ್ತು ನಿಮಿಷ ಮುಂದಿನ ಹಂತದಲ್ಲಿ ಅರ್ಧ ದಿನ ತಿನ್ನುತ್ತದೆ.

ರಿಲೀಸ್ ಬೇರಿಂಗ್ ಹಾಕುವಾಗ ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆಯಬೇಡಿ, ಒಳಗಿನ ಗ್ರೀಸ್ ಕರಗುತ್ತದೆ. ಸ್ಲೇವ್ ಸಿಲಿಂಡರ್ ಬೆಲ್ ಹೌಸಿಂಗ್ ಒಳಗೇ ಇರುವ ಕಾರಾದರೆ ಅದನ್ನೂ ಈಗಲೇ ಹೊಸದು ಹಾಕಿ. ಬೇರಿಂಗನ್ನು ತಳ್ಳುವ ಫೋರ್ಕ್ ಆಡುವ ಗುಂಡಿಗೆ ಸ್ವಲ್ಪ ಗ್ರೀಸ್.

9. ಗೇರ್‌ಬಾಕ್ಸ್ ಮೇಲೇರಿಸುವುದು

ಇಡೀ ಕೆಲಸದಲ್ಲಿ ತಾಳ್ಮೆ ಕೆಡುವ ಜಾಗ. ಮೊದಲು ಇಂಜಿನ್ ಮುಖದಲ್ಲಿ ಎರಡು ಟೊಳ್ಳು ಪಿನ್‌ಗಳು ಇವೆಯೇ ನೋಡಿ. ಗೇರ್‌ಬಾಕ್ಸನ್ನು ನೇರ ಹಿಡಿಯುವುದು ಅವೇ, ಬೋಲ್ಟ್‌ಗಳಲ್ಲ. ಒಂದು ಪಿನ್ ಬಿದ್ದುಹೋಗಿದ್ದರೂ ಹುಡುಕಿ ಹಾಕಿ.

ಜಾಕ್ ಮೇಲೆ ಗೇರ್‌ಬಾಕ್ಸ್ ಇಟ್ಟು, ಇಂಜಿನ್ ಎಷ್ಟು ವಾಲಿದೆಯೋ ಅಷ್ಟೇ ವಾಲಿಸಿ, ಶಾಫ್ಟನ್ನು ಪ್ಲೇಟಿನ ನಡುವೆ ತೂರಿಸಿ. ಗೀರು ಹೊಂದದಿದ್ದರೆ ಗೇರ್ ಹಾಕಿ, ಡ್ರೈವ್ ಶಾಫ್ಟ್ ಕೂರುವ ಎರಡೂ ಕಡೆಯನ್ನು ಒಟ್ಟಿಗೆ ಒಂದೇ ದಿಕ್ಕಿಗೆ ಸ್ವಲ್ಪ ತಿರುಗಿಸಿದರೆ ಸಾಲಿಗೆ ಬರುತ್ತದೆ. ಎರಡು ಮುಖಗಳ ನಡುವಿನ ಸಂದು ಸುತ್ತಲೂ ಒಂದೇ ಇರಬೇಕು. ಮೇಲೆ ಕಿರಿದು, ಕೆಳಗೆ ಅಗಲ ಇದ್ದರೆ ಜಾಕ್ ಎತ್ತರ ತಿದ್ದಿ.

ಸಂದು ಉಳಿದಿರುವಾಗ ಬೋಲ್ಟ್ ಬಿಗಿದು ಎಳೆಯಬೇಡಿ. ಗೇರ್‌ಬಾಕ್ಸ್ ಕೈಯ ಒತ್ತಡಕ್ಕೇ ಬಂದು ಕೂರಬೇಕು. ಬೋಲ್ಟಿನಿಂದ ಎಳೆದರೆ ಪ್ಲೇಟಿನ ಹಬ್ ಬಾಗುತ್ತದೆ, ಇಲ್ಲಾ ಬೆಲ್ ಹೌಸಿಂಗಿನ ಕಿವಿ ಮುರಿಯುತ್ತದೆ. ಗೇರ್‌ಬಾಕ್ಸಿನ ಭಾರವನ್ನು ಶಾಫ್ಟಿನ ಮೇಲೆ ನೇತುಬಿಟ್ಟು ಟೀ ಕುಡಿಯಲು ಹೋಗುವುದೂ ಬೇಡ. ಒಂದೋ ಪೂರ್ತಿ ಕೂರಿಸಿ, ಇಲ್ಲವೇ ಪೂರ್ತಿ ಹಿಂದಕ್ಕೆ ತೆಗೆಯಿರಿ.

ಕೂತ ಮೇಲೆ ರಟ್ಟಿನಿಂದ ಬೋಲ್ಟ್‌ಗಳು ವಾಪಸ್, ಮೌಂಟಿಂಗ್, ಸ್ಟಾರ್ಟರ್, ಹೊಸ ಸೀಲ್, ಡ್ರೈವ್ ಶಾಫ್ಟ್. ರಿಂಗ್ ಇರುವ ಶಾಫ್ಟ್ ಒಳಗೆ ಟಕ್ ಅಂದಿತೇ ಅಂತ ಗಮನಿಸಿ, ಗಡುಸು ಭಾಗ ಹಿಡಿದು ಎಳೆದರೆ ಹೊರಗೆ ಬರಬಾರದು. ಸೀಲಿನ ತುಟಿ ಮಡಚಿಕೊಂಡರೆ ಆಯಿಲ್ ಸೋರುತ್ತದೆ. ಹೊಸ ಆಕ್ಸಲ್ ನಟ್ ಹಾಕಿ. ಅದರ ಪೂರ್ತಿ ಟಾರ್ಕ್ ಕಾರು ಇಳಿಸಿದ ಕೂಡಲೇ, ಉರುಳಿಸುವ ಮೊದಲು.

10. ಆಯಿಲ್, ಪೆಡಲ್, ಮೊದಲ ಸ್ಟಾರ್ಟ್

ಗೇರ್ ಆಯಿಲ್ ತುಂಬುವಾಗ ಕಾರು ಮಟ್ಟಸವಾಗಿರಬೇಕು. ಮುಂಭಾಗ ಎತ್ತಿದ್ದರೆ ಅಳತೆ ತಪ್ಪುತ್ತದೆ.

ಕೇಬಲ್ ಕ್ಲಚ್ ಆದರೆ ಪೆಡಲಿನ ಮೇಲ್ತುದಿಯಲ್ಲಿ ಕೈಯಿಂದ ಒತ್ತಿದಾಗ ಸ್ವಲ್ಪ ಸಡಿಲ ಇರಬೇಕು. ಎಷ್ಟು ಅನ್ನುವುದು ಮ್ಯಾನ್ಯುಯಲ್‌ನಲ್ಲಿದೆ. ಸಡಿಲವೇ ಇಲ್ಲದಿದ್ದರೆ ಕ್ಲಚ್ ಸದಾ ಅರ್ಧ ತುಳಿದಂತೆ ಇದ್ದು ಬೇಗ ಸುಡುತ್ತದೆ. ಆಯಿಲ್ ಕ್ಲಚ್‌ನಲ್ಲಿ ಪೈಪ್ ಬಿಚ್ಚಿದ್ದರೆ ಗಾಳಿ ತೆಗೆಯಬೇಕು: ಒಬ್ಬರು ಪೆಡಲ್ ತುಳಿದು ಹಿಡಿಯುವುದು, ಇನ್ನೊಬ್ಬರು ಸ್ಲೇವ್ ಸಿಲಿಂಡರಿನ ನಿಪ್ಪಲ್ ಬಿಚ್ಚಿ ಮುಚ್ಚುವುದು, ಗುಳ್ಳೆ ನಿಲ್ಲುವ ತನಕ. ಸೀಲ್ ಒಡೆಯದ ಹೊಸ ಬಾಟಲಿಯ ಡಾಟ್ 4 ಬ್ರೇಕ್ ಆಯಿಲ್ ಬಳಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಹೋದ ಮಳೆಗಾಲದಲ್ಲಿ ತೆರೆದಿಟ್ಟ ಬಾಟಲಿ ನಮ್ಮೂರ ಹವೆಗೆ ಉಳಿದಿರುವುದಿಲ್ಲ. ಪೇಂಟಿನ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಮುಂದಿನ ಚಕ್ರ ಇನ್ನೂ ಗಾಳಿಯಲ್ಲಿರುವಾಗಲೇ, ಇಂಜಿನ್ ಸ್ಟಾರ್ಟ್ ಮಾಡದೆ, ಎಲ್ಲ ಗೇರ್ ಹಾಕಿ ನೋಡಿ. ಆಮೇಲೆ ಮೊದಲ ಗೇರ್ ಹಾಕಿ, ಒಬ್ಬರು ಪೆಡಲ್ ತುಳಿದಿರಲಿ, ಒಂದು ಕಡೆಯ ಮುಂದಿನ ಚಕ್ರ ತಿರುಗದಂತೆ ತಡೆದು, ಇನ್ನೊಬ್ಬರು ಆಚೆ ಕಡೆಯದನ್ನು ಕೈಯಲ್ಲಿ ತಿರುಗಿಸಲಿ. ತಿರುಗಿದರೆ ಕ್ಲಚ್ ಬಿಡುತ್ತಿದೆ. ಕಾರು ಇಳಿಸಿ, ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಪೆಡಲ್ ತುಳಿದು ಸ್ವಲ್ಪ ತಡೆದು ರಿವರ್ಸ್ ಹಾಕಿ. ಕರಕರ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಗಾಳಿ ಉಳಿದಿದೆಯೋ, ಕೇಬಲ್ ಸಡಿಲವೋ ಮೊದಲು ನೋಡಿ. ಗೇರ್‌ಬಾಕ್ಸ್ ಮತ್ತೆ ಇಳಿಸುವ ಯೋಚನೆ ಕೊನೆಗೆ.

11. ಮೊದಲ 800 ಕಿಲೋಮೀಟರ್

ಹೊಸ ಲೈನಿಂಗ್ ಮತ್ತು ಫ್ಲೈವೀಲ್ ಒಂದಕ್ಕೊಂದು ಹೊಂದಿಕೊಳ್ಳಬೇಕು. ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬೇಕು. ಸೆಟ್ಟಿನ ಚೀಟಿಯಲ್ಲಿ ಜಾಸ್ತಿ ಹೇಳಿದ್ದರೆ ಅದೇ ಸರಿ. ಹೈವೇಯಲ್ಲಿ ಟಾಪ್ ಗೇರಿನಲ್ಲಿ ಬೆಂಗಳೂರಿಗೆ ಹೋಗಿ ಬಂದು "ಮುಗೀತು" ಅನ್ನಬೇಡಿ. ಎಷ್ಟು ಸಲ ಕ್ಲಚ್ ತುಳಿದು ಬಿಟ್ಟಿರಿ ಅನ್ನುವುದೇ ಲೆಕ್ಕ. ಶಿವಮೊಗ್ಗದ ನೆಹರೂ ರಸ್ತೆ, ಬಿ.ಎಚ್. ರಸ್ತೆಯಲ್ಲಿ ನಿಂತು ಹೊರಡುತ್ತಾ ಓಡಾಡುವುದು ಇದಕ್ಕೆ ಸರಿಯಾದ ಕೆಲಸ. ಈ ಅವಧಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತುವುದು, ಟೈರ್ ಕಿರುಚಿಸುವುದು, ತುಂಬಿದ ಕಾರಿನಲ್ಲಿ ಘಾಟಿ ಹತ್ತುವುದು ಬೇಡ. ರೀಮ್ಯಾಪ್ ಮಾಡಿದವರು ಹಳೇ ಮ್ಯಾಪ್ ಉಳಿಸಿಟ್ಟಿದ್ದರೆ ಅಷ್ಟು ದಿನ ಅದನ್ನೇ ಹಾಕಿಸಿಕೊಳ್ಳಿ.

ಶುರುವಿನಲ್ಲಿ ತುಸು ವಾಸನೆ, ತುಸು ಅದುರು ಇದ್ದರೆ ಹೆದರಬೇಡಿ. ಪಳಗಿದ ಮೇಲೂ ಅದುರು ಉಳಿದರೆ ಎಣ್ಣೆ ಕೈ ತಾಗಿದ ಲೈನಿಂಗ್, ಸರಿಯಾಗಿ ಕೂರದ ಮೌಂಟಿಂಗ್, ಫೇಸಿಂಗ್ ಮಾಡಿಸದ ಫ್ಲೈವೀಲ್, ಈ ಮೂರರಲ್ಲಿ ಹುಡುಕಿ. ಒಂದೆರಡು ದಿನ ಓಡಿಸಿದ ಮೇಲೆ ಕಾರಿನ ಕೆಳಗೆ ರಟ್ಟು ಹಾಸಿ ರಾತ್ರಿ ಬಿಟ್ಟು, ಬೆಳಗ್ಗೆ ಆಯಿಲ್ ಹನಿ ಬಿದ್ದಿದೆಯೇ ನೋಡಿ. ಚಕ್ರದ ನಟ್, ಮೌಂಟಿಂಗ್ ಬೋಲ್ಟ್‌ಗಳಿಗೆ ಆಗಲೇ ಇನ್ನೊಂದು ಸಲ ಟಾರ್ಕ್ ರೆಂಚ್ ಹಚ್ಚಿ.

ಇಳಿಸಿದ ಹಳೇ ಗೇರ್ ಆಯಿಲನ್ನು ತೋಟದ ಕಾಲುವೆಗೆ, ಧರೆಯ ಬುಡಕ್ಕೆ ಸುರಿಯಬೇಡಿ. ಇಲ್ಲಿ ಕಾಲುವೆಗೆ ಬಿದ್ದದ್ದು ಹಳ್ಳ ಸೇರಿ ತುಂಗೆಗೋ ಶರಾವತಿಗೋ ಹೋಗುತ್ತದೆ. ಕ್ಯಾನಿಗೆ ತುಂಬಿ, ವೇಸ್ಟ್ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಹಳೇ ಪ್ರೆಶರ್ ಪ್ಲೇಟ್ ಗುಜರಿಗೆ ಹಾಕಬಹುದು.